ಎರಡು ಲೋಟ ಚಹಾ

ಪೈಪು ಒಡೆದದ್ದು ಇಜ್ಮಾ ನದಿಯ ಆಚೆ,
ಏಪ್ರಿಲ್ ಬಂದರೂ ಹಿಮ ಬಿಡದ ಬಯಲಲ್ಲಿ.
ನಾನು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು.
ಒಂದೇ ಕಡೆಗೆ ಬಾಗಿದ ಬರ್ಚ್ ಮರಗಳು,
ದೂರದವರೆಗೆ ಎರಚಿದ ಕಪ್ಪು ಮಣ್ಣು,
ಉಕ್ಕಿನ ತುಟಿ ಹೊರಕ್ಕೆ ಮಗುಚಿದ ತೂತು.

ಕಮಿಷನ್ನಿಗೆ ಒಂದು ಅಂಕಿ ಬೇಕು: ಎಷ್ಟು ಹೋಯಿತು?
ಖಾನೆ ಕಿರಿದು,
ಸುಮಾರು ಎಂದು ಬರೆಯಲು ಜಾಗವಿಲ್ಲ.

ಕಾಗದ ಒತ್ತಿ ಪೆನ್ಸಿಲ್ ಉಜ್ಜಿ ಅಂಚು ತೆಗೆದುಕೊಂಡೆ.
ಒತ್ತಡ ಐವತ್ತೆರಡು, ಸ್ಟೇಷನ್ನಿನ ಪುಸ್ತಕದಲ್ಲಿದೆ.
ಹರಕು ಅಂಚಿಗೆಂದು ಎಷ್ಟು ಕಳೆಯಲಿ?
ಕೋಷ್ಟಕಕ್ಕೆ ಗೊತ್ತಿರುವುದು
ದುಂಡಗೆ ಕೊರೆದ ತೂತುಗಳು ಮಾತ್ರ.

ಅಷ್ಟು ಒತ್ತಡದಲ್ಲಿ ಅನಿಲ
ತೂತಿನ ಬಾಯಲ್ಲಿ ಶಬ್ದದ ವೇಗ ಮುಟ್ಟಿ
ಅಲ್ಲಿಗೆ ನಿಲ್ಲುತ್ತದೆ.
ಆಮೇಲೆ ಹೊರಗೆ ಏನೇ ಆಗಲಿ,
ಗಾಳಿ ತೆಳುವಾಗಲಿ, ಆಕಾಶವೇ ಬರಿದಾಗಲಿ,
ಒಳಗೆ ಸುದ್ದಿ ಹೋಗುವುದಿಲ್ಲ.
ಸುದ್ದಿಗೂ ಶಬ್ದದ ಕಾಲೇ ತಾನೆ;
ಎದುರು ಬರುವ ಹೊಳೆಯೂ ಅಷ್ಟೇ ಜೋರು.
ಸಿಟ್ಟು ಬಂದಾಗ ಅಪ್ಪ ಹೀಗೇ ಇರುತ್ತಿದ್ದ.

ಸಿಗದದ್ದು ಸಮಯ.
ವಾಲ್ವು ಮುಚ್ಚಿದ ಗಳಿಗೆ ಗೊತ್ತು.
ಒಡೆದ ಗಳಿಗೆ ಬರೆಯಬೇಕಿದ್ದ ಮುಳ್ಳಿನಲ್ಲಿ
ಮಸಿ ಹೆಪ್ಪುಗಟ್ಟಿತ್ತು.

ಹತ್ತಿರವಿದ್ದವನು ಪ್ರೊಕೋಪಿ ವೊಕುಯೆವ್ ಒಬ್ಬನೇ,
ಹಿಮಸಾರಂಗ ಕಾಯುವವನು. ಗಡಿಯಾರ ಕಟ್ಟುವವನಲ್ಲ.
"ಕೆಟಲ್‌ಗೆ ಹಿಮ ತುಂಬಿ ಒಲೆಗಿಟ್ಟೆ. ಆಗ ಕೂಗಿತು.
ಗುಡುಗು ಅಂದುಕೊಂಡೆ.
ಗುಡುಗು ನಡುನಡುವೆ ಉಸಿರೆಳೆಯತ್ತೆ, ಇದು ಎಳೀಲಿಲ್ಲ.
ನೀರು ಕುದೀತು. ಎರಡು ಲೋಟ ಕುಡಿದೆ.
ಮೂರನೇದು ಬಗ್ಗಿಸೋವಾಗ ದನಿ ಇಳೀತು."

ಮತ್ತೆ ಇಡು ಎಂದೆ.
ಅದೇ ಕೆಟಲ್, ಅದೇ ಒಲೆ, ಅದೇ ಬಯಲಿನ ಹಿಮ.
ಮೊಣಕಾಲ ಮೇಲೆ ಗಡಿಯಾರವಿಟ್ಟು ಕೂತೆ.
ಹಿಮ ಕುಸಿಯಿತು, ನೀರಾಯಿತು, ಸುಯ್ಗುಟ್ಟಿತು,
ಮೂತಿಯಿಂದ ಸಣ್ಣಗೆ ಸಿಳ್ಳೆ.
ಇಬ್ಬರೂ ಅದನ್ನು ನೋಡಿದೆವು, ಮಾತಾಡಲಿಲ್ಲ.
ಅವನು ಊದಿ ಊದಿ ಕುಡಿದ.
ಆವತ್ತೂ ಹೀಗೇನಾ, ಇಷ್ಟೇ ನಿಧಾನ?
"ಇಲ್ಲ. ಆವತ್ತು ಬಿಸಿಯೇ ಗೊತ್ತಾಗಲಿಲ್ಲ."

ಮೂವತ್ತೊಂದು ನಿಮಿಷ.
ಹೆದರಿಕೆಗೆಂದು ನಾಲ್ಕು ಕಳೆದೆ.
ಆ ನಾಲ್ಕು ಎಲ್ಲಿಂದ ಬಂತೆಂದು
ವರದಿಯಲ್ಲಿ ಬರೆದಿಲ್ಲ, ಯಾರೂ ಕೇಳಲೂ ಇಲ್ಲ.

ಹೊರಡುವಾಗ ಅವನೂ ಸ್ಲೆಡ್ಜ್ ಕಟ್ಟುತ್ತಿದ್ದ.
ಕೂಗಿಗೆ ಬೆದರಿ ಓಡಿದ ಮಂದೆಯಲ್ಲಿ
ಹನ್ನೊಂದು ಇನ್ನೂ ಬಂದಿಲ್ಲ ಎಂದ.
ಸುಮಾರು ಅನ್ನಲಿಲ್ಲ.