ಹತ್ತು ಬೈ ಆರು

ಗುರುವಾರ ಅಂಗಡಿಗೆ ಬಂದರು ಕ್ಲಬ್ಬಿನವರು ಮೂವರು.
ಹತ್ತು ಬೈ ಆರು, ಒಂದೇ ಪ್ರತಿ, ಎನ್.ಆರ್. ಸರ್ಕಲ್ಲಿಗೆ.
ಟೇಬಲ್ ಟೆನಿಸ್, ಪುರುಷರ ಸಿಂಗಲ್ಸ್, ಹಾಸನದ ಹುಡುಗ.
ಆಟ ನಡೆದ ಪರದೇಶದ ಊರಿನ ಹೆಸರು
ಮೂರು ಸಲ ಹೇಳಿಸಿಕೊಂಡೆ,
ಮೂರು ಥರ ಟೈಪಾಯಿತು.

ಯಾವ ಸ್ಥಾನ ಅಂತ ಹಾಕಲಿ ಸಾರ್?
ಒಬ್ಬರನ್ನೊಬ್ಬರು ನೋಡಿಕೊಂಡರು.
ಖಜಾಂಚಿ ಪುಟ್ಟಸ್ವಾಮಯ್ಯ ಕೆಮ್ಮಿ,
"ನೂರಿಪ್ಪತ್ತೆಂಟರ ಸುತ್ತು" ಅಂದರು.
ಹಂಗಂದ್ರೆ?
ಮೊದಲನೆಯದು.
ಅವನಿಗೆ ಕೊನೆಯದೂ ಅದೇ.

ನನ್ನ ಕಂಪ್ಯೂಟರಿನಲ್ಲಿ ಗೆದ್ದವರಿಗೆ ಬೇಕಾದ್ದೆಲ್ಲ ಇದೆ,
ಕಿರಣ ಬಿಡುವ ಸೂರ್ಯ, ಸಿಂಹದ ಮುಖ,
ಶುಭಕೋರುವವರು ಇಣುಕಲು ದುಂಡು ದುಂಡು ಕಿಂಡಿ.
ಸತ್ತವರಿಗೂ ಇದೆ, ಮೋಡ, ದೀಪ, ಜೋಡಿ ಪಾರಿವಾಳ.
ಹೋಗಿ, ಆಡಿ, ಸೋತು ಬಂದವನಿಗೆ
ಒಂದು ಬಾರ್ಡರೂ ಇರಲಿಲ್ಲ.

ಫೋಟೊ ಇದ್ದದ್ದೂ ಒಂದೇ, ವಾಟ್ಸಾಪಿನದು.
ಬೆನ್ನು.
ಬೆವರಿಗೆ ಅಂಟಿದ ಅಂಗಿ, ಅದಕ್ಕೆ ನಾಲ್ಕು ಪಿನ್ನು ಚುಚ್ಚಿದ ಹಾಳೆ,
ಹಾಳೆಯ ಮೇಲೆ ಧರಣೇಂದ್ರ ಅಂತ ಇಂಗ್ಲಿಷಿನಲ್ಲಿ,
ಈ ಭುಜದಿಂದ ಆ ಭುಜಕ್ಕೆ ಹನ್ನೊಂದು ಅಕ್ಷರ.
"ಒಂದು ಗೇಮಿಗೆ ಬೇಕಾದಷ್ಟೇ" ಅಂದರು ಅವರಲ್ಲೊಬ್ಬರು,
ಯಾರೂ ನಗಲಿಲ್ಲ.
ಮುಖ ಕಾಣುವುದು ಬೇರೆ ಇಲ್ಲವಾ?
ಕ್ಯಾಮೆರಾಗಳೆಲ್ಲ ಎದುರಿನವನ ಕಡೆ ತಿರುಗಿದ್ದವಂತೆ.

ಹಿಗ್ಗಿಸಿದೆ. ಅಂಚು ಒಡೆಯಿತು, ತಿದ್ದಿದೆ.
ನಡುವೆ ಒಂದು ಬಿಳಿ ಚುಕ್ಕೆ,
ಧೂಳೋ, ಲೆನ್ಸಿನ ಕೊಳೆಯೋ,
ಒರೆಸಿ ಹಾಕಿದೆ. ಪುಕ್ಕಟೆ ಕೆಲಸ, ಬಿಲ್ಲಿಗೆ ಸೇರಿಸಲಿಲ್ಲ.
ಸೂರ್ಯನನ್ನೇ ಹಾಕಿದೆ ಕೊನೆಗೆ, ಕಿರಣ ಅರ್ಧ ತೆಗೆದು.

ಶನಿವಾರ ಸಂಜೆ ಯಾರೋ ಹುಡುಗ, ಹೆಲ್ಮೆಟ್ಟು ಕೈಯಲ್ಲಿ,
"ಸರ್ಕಲ್ಲಿಂದು ನೀವು ಮಾಡಿದ್ದಾ ಅಣ್ಣ? ಚೆನ್ನಾಗೈತೆ.
ಚೆಂಡೆಲ್ಲಿ?"
ಯಾವ ಚೆಂಡು ಅಂದೆ.
ಏನೂ ಹೇಳದೆ ಹೊರಟ.
ಮೆಟ್ಟಿಲಿಳಿಯಲು ತಿರುಗಿದಾಗ
ಬೆನ್ನು ನೋಡಿ ಗುರುತು ಸಿಕ್ಕಿತು.

ಅವನೇ.
ಪಾತ್ರೆ ಅಂಗಡಿ ಪದ್ಮರಾಜಯ್ಯನವರ ಮಗ.

ರಾತ್ರಿ ಹತ್ತೂವರೆಗೆ ಏಣಿ ಹಾಕಿ ಹತ್ತಿದೆ,
ಸ್ಟಿಕ್ಕರ್ ಶೀಟಿನಿಂದ ಕತ್ತರಿಸಿದ
ನಿಂಬೆಹಣ್ಣಿನಗಲದ ಬಿಳಿ ಬೆರಳ ತುದಿಯಲ್ಲಿ.
ಅರಕಲಗೂಡಿನ ಕೊನೇ ಬಸ್ಸು ತಿರುಗಿತು,
ಅದರ ಗಾಳಿಗೆ ಫ್ಲೆಕ್ಸು ಒಮ್ಮೆ ಹೊಟ್ಟೆ ಉಬ್ಬಿಸಿ
ಹಿಂದಕ್ಕೆ ಹೋಯಿತು.
ಎಲ್ಲಿ ಒರೆಸಿದ್ದೆನೋ ನನಗೇ ಮರೆತಿತ್ತು.

ಪುಟ್ಟಸ್ವಾಮಯ್ಯನವರಿಂದ ನಂಬರ್ ಇಸಕೊಂಡು
ಫೋನನ್ನು ಭುಜಕ್ಕೊತ್ತಿ ಕೇಳಿದೆ,
ನೆಟ್ಟಿಗೆ ಈಚೆಗೋ ಆಚೆಗೋ?
ತುಂಬ ಹೊತ್ತು ಸುಮ್ಮನಿದ್ದ.
ಹಿಂದೆಲ್ಲೋ ಹಂಡೆ ಎಳೆದಿಡುವ ಸದ್ದು.
"ಮೂರನೇ ಗೇಮು, ಎಂಟು ಹತ್ತು.
ಟೇಪಿನ ಮೇಲೆ ಅಣ್ಣ. ಇನ್ನೂ ಬಿದ್ದಿರಲಿಲ್ಲ ಆಗ."

ಸ್ಟಿಕ್ಕರು ಬೆರಳಿಗೇ ಅಂಟಿಕೂತಿತ್ತು.
ಬಿಡಿಸಲು ಇನ್ನೊಂದು ಕೈ ಬೇಕು.
ಆ ಕೈ ಏಣಿ ಹಿಡಿದಿತ್ತು.