ಮರ್ಯಾದೆಯ ಮಾತು

ಹಲ್ ಊರಿನ ಟೆಲಿಫೋನ್ ಡಬ್ಬಿಗಳು ಕೆಂಪಲ್ಲ,
ಗಿಣ್ಣದ ಬಣ್ಣ.
ಇಡೀ ದೇಶಕ್ಕೆ ಒಂದು ನೇಮ, ಈ ಊರಿಗೆ ಇನ್ನೊಂದು.
ಬ್ರೈಡಿಯನ್ನು ಮಣ್ಣಿಗಿಟ್ಟು, ಚಹಾ ಕುಡಿದು,
ಅವಳ ಮಕ್ಕಳ ಕೈ ಕುಲುಕಿ ಹೊರಬಿದ್ದವಳು
ನಿಲ್ದಾಣದ ಬಸ್ಸು ಬಿಟ್ಟು
ಹೊಳೆಯ ಕಡೆ ನಡೆದೆ. ಮೊಣಕಾಲು ಬೇಡವೆಂದಿತು.

ನೆವಿಲ್‌ನ ಕೆಲಸ ಈ ಡಬ್ಬಿಗಳ ತಂತಿ ರಿಪೇರಿ.
ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡೇ ಮಾತಾಡುತ್ತಿದ್ದ.
ಸುನೀತಿ ಅನ್ನಲು ನಾಲಗೆ ಹೊರಳದೆ
ಸನ್ನಿ ಅಂದ.
ಅವರಲ್ಲಿ ಅದು ಬಿಸಿಲಂತೆ.
ನಮ್ಮ ಬೆಟಗೇರಿಯಲ್ಲಿ, ಜ್ವರ ತಲೆಗೇರಿ
ರೋಗಿ ರಾತ್ರಿಯಿಡೀ ಬಡಬಡಿಸುವುದು.
ಹೇಳಿದಾಗ ನಕ್ಕ, ಸ್ಕ್ರೂ ಉದುರಿತು,
ಇಬ್ಬರೂ ಬಗ್ಗಿ ಮೋರಿಯ ಜಾಲರಿಯಲ್ಲಿ ಹುಡುಕಿದೆವು, ಸಿಗಲಿಲ್ಲ.
ನನಗೆ ಇಪ್ಪತ್ತು. ಎರಡೂ ಅರ್ಥ ಸರಿಯಾಗಿಯೇ ಇತ್ತು.

ನರ್ಸುಗಳ ಹಾಸ್ಟೆಲಿಗೆ ಹತ್ತಕ್ಕೆ ಬೀಗ.
ಹತ್ತಕ್ಕೆ ಐದು ನಿಮಿಷ ಇರುವಾಗಲೇ
ಹೇಳಬೇಕಾದ್ದೆಲ್ಲ ನೆನಪಾಗುತ್ತಿತ್ತು.
ಒಮ್ಮೆ ಪ್ಯಾಟಿ ಕೊಡಿಸಿದ, ಕಾಗದದಲ್ಲಿ ಸುತ್ತಿಸಿ:
ನಮ್ಮ ಆಲೂಬೋಂಡಾದ ದೂರದ ನೆಂಟ,
ಖಾರ ಮರೆತವನು.
ಅವ್ವ ಕಳಿಸಿದ ಚಟ್ನಿಪುಡಿ ಕೋಟಿನ ಜೇಬಲ್ಲಿತ್ತು.
ಉದುರಿಸಿದೆ. ಕಣ್ಣಲ್ಲಿ ಮೂಗಲ್ಲಿ ನೀರು,
ಕೆಮ್ಮುತ್ತಲೇ, ಇನ್ನಷ್ಟು ಹಾಕು ಅಂದ.
ಮುತ್ತಿಗೂ ಮೊದಲು ಆದದ್ದು ಇದು.
ಮುತ್ತು ಮಸುಕಾಗಿದೆ. ಕೆಮ್ಮು ಹಾಗೇ ಇದೆ.

ಎಪ್ಪತ್ನಾಲ್ಕರ ಮಾರ್ಚಿನಲ್ಲಿ
ಲಿಂಕನ್ನಿನ ಆಸ್ಪತ್ರೆಯಲ್ಲಿ ಹೆರಿಗೆ ತರಬೇತಿಗೆ ಸೀಟು.
ಸೇತುವೆ ಇನ್ನೂ ಮುಗಿದಿರಲಿಲ್ಲ. ಆಚೆ ದಡಕ್ಕೆ ಫೆರಿ,
ಕಂದು ನೀರನ್ನು ಗಾಲಿಯಲ್ಲಿ ಮೊಗೆಯುತ್ತಾ ಹೋಗುವಂಥದ್ದು.
ಟ್ರಂಕು ಎತ್ತಿಕೊಟ್ಟ. ಹಲಗೆಯ ಮೇಲೆ ಕಾಲಿಟ್ಟು
ತಿರುಗಿ ನೋಡಿ, ರೂಢಿಯಂತೆ, ಕನ್ನಡದಲ್ಲೇ
ಬರ್ತೀನಿ ಅಂದೆ.
ಹಾಗಂದರೆ? ಎಂದು ಕೂಗಿದ.
ಸೀಟಿ ಊದುತ್ತಿತ್ತು. ಇದ್ದ ಅರ್ಥವನ್ನೇ ಕೂಗಿದೆ.

ಹೊಸ್ತಿಲಲ್ಲಿ ಅವ್ವ ಬೆನ್ನಿಗೆ ಗುದ್ದಿ ಕಲಿಸಿದ ಮಾತದು:
"ಹೋಗ್ತೀನಿ ಅನಬ್ಯಾಡ, ಬರ್ತೀನಿ ಅನ್ನು."
ಹಾಲಿನವಳು ಅನ್ನುತ್ತಾಳೆ, ಬಡ್ಡಿ ಕೇಳಲು ಬಂದವನೂ ಅನ್ನುತ್ತಾನೆ,
ಜಗಳವಾಡಿ ಎದ್ದ ಬೀಗರೂ ಹಾಗಂದೇ ಚಪ್ಪಲಿ ಮೆಟ್ಟುತ್ತಾರೆ.
ಯಾರೂ ಅದನ್ನು ಲೆಕ್ಕಕ್ಕಿಡುವುದಿಲ್ಲ.
ನೆವಿಲ್‌ಗೆ ಇದೆಲ್ಲ ಯಾರು ಹೇಳಬೇಕಿತ್ತು?

ಅಪ್ಪ ತಡೆದರು, ಬಣ್ಣ ಅಡ್ಡ ಬಂತು
ಅಂತ ಹೇಳಿಕೊಳ್ಳಬಹುದಿತ್ತು. ಹಾಗೇನೂ ಇಲ್ಲ.
ಅಪ್ಪನಿಗೆ ಅವನ ಹೆಸರೇ ತಿಳಿಯಲಿಲ್ಲ.
ಮೊದಲ ಭಾನುವಾರ ರಾತ್ರಿಪಾಳಿ ಮುಗಿಸಿ ನಿದ್ದೆ.
ಎರಡನೆಯದಕ್ಕೆ ನೆಗಡಿ.
ಮೂರನೆಯ ಹೊತ್ತಿಗೆ
ಹೋಗದಿರುವುದು ಎಷ್ಟು ಸಲೀಸು ಅಂತ ಗೊತ್ತಾಗಿತ್ತು.
ಮುಂದೆ ಮದುವೆ, ಔಷಧಿ ಅಂಗಡಿಯ ಒಳ್ಳೆಯ ಮನುಷ್ಯ,
ಎರಡು ಮಕ್ಕಳು. ದೂರಲು ಏನೂ ಇಲ್ಲ.

ಎಷ್ಟೋ ವರ್ಷದ ಮೇಲೆ ಬ್ರೈಡಿ
ಕ್ರಿಸ್ಮಸ್ ಕಾರ್ಡಿನ ಅಂಚಿನಲ್ಲಿ ಬರೆದಳು:
ನಿನ್ನ ಟೆಲಿಫೋನ್ ಹುಡುಗ ಆ ಬೇಸಿಗೆ ಮುಗಿಯುವವರೆಗೂ
ಭಾನುವಾರದ ಫೆರಿಗೆ ಬಂದು ನಿಲ್ಲುತ್ತಿದ್ದ.
ಕೇಳಿದರೆ, ಬರ್ತೀನಿ ಅಂದಿದ್ದಾಳೆ, ಅನ್ನುತ್ತಿದ್ದ.
ಆಮೇಲೆ ಯಾರನ್ನೋ ಕಟ್ಟಿಕೊಂಡು ಕೆನಡಾಕ್ಕೋ ಎಲ್ಲಿಗೋ.
ಕಾರ್ಡನ್ನು ಉಳಿದವುಗಳ ಜೊತೆ ದಾರಕ್ಕೆ ತೂಗುಹಾಕಿದೆ,
ಬರಹದ ಬದಿ ಗೋಡೆಗೆ.

ಈಗ ಫೆರಿ ಇಲ್ಲ. ಪಡುವಣಕ್ಕೆ ಸೇತುವೆ,
ಮಂಜಿನಲ್ಲಿ ಅರ್ಧ.
ಹಳೆ ಟಿಕೆಟ್ ಕಚೇರಿಯ ಹತ್ತಿರ ಒಂದು ಗಿಣ್ಣದ ಡಬ್ಬಿ.
ಒಳಹೊಕ್ಕು ರಿಸೀವರ್ ಎತ್ತಿದೆ. ಸದ್ದಿಲ್ಲ.
ಇದ್ದಿದ್ದರೂ ಯಾವ ನಂಬರು?
ಗಾಜಿನಾಚೆ ನಾಯಿ ಹಿಡಿದ ಮುದುಕನೊಬ್ಬ ಕಾಯುತ್ತಿದ್ದ.
ನನಗಲ್ಲ, ನಾಯಿ ಕಂಬ ಮೂಸಿ ಮುಗಿಸಲಿ ಅಂತ.

ಐದೂ ಇಪ್ಪತ್ತಕ್ಕೆ ರೈಲು.
ಹೊರಟಾಗ ಬಾಯಿಗೆ ತಾನಾಗಿ ಆ ಮಾತು ಬಂತು.
ನುಂಗಿದೆ.
ಎಪ್ಪತ್ತೊಂದಕ್ಕೆ, ಒಂದು ಹೊಳೆಗೆ, ಮೊದಲ ಸಲ
ಹೋಗ್ತೀನಿ ಅಂದೆ.
ಅವ್ವ ಇದ್ದಿದ್ದರೆ ಬೆನ್ನಿಗೊಂದು ಬೀಳುತ್ತಿತ್ತು.