ನೀರು ಹಾಯಿಸದ ಕೆಲಸ

ಸೈಕ್ ಊರಿನ ಮೇಲೆ, ಮೂರನೆಯ ಮೆಟ್ಟಿಲು ಹೊಲದಲ್ಲಿ
ಗೆಡ್ಡೆ ಆರುನೂರು. ರಟ್ಟಿನ ಡಬ್ಬಿಯಲ್ಲಿ ಬಂದಿದ್ದವು,
ಬಳ್ಳೊಳ್ಳಿಯ ಹಾಗೆ ಸಿಪ್ಪೆ ಹೊದ್ದು.
ಗುಲಾಬಿಯ ಸಾಲು ಕಿತ್ತು ಜಾಗ ಮಾಡಿದೆವು;
ಜುವೈನಾ ಅಜ್ಜಿ ಎರಡು ದಿನ ಮಗನೊಡನೆ ಮಾತು ಬಿಟ್ಟಳು.

ಮೊದಲ ವರ್ಷ ಹೂವಿಲ್ಲ, ಬರೀ ಎಲೆ.
ಬೇಸಗೆಗೆ ಅದೂ ಒಣಗಿ ಹುಲ್ಲಾಯಿತು.
ಸಲಿಕೆ ಹಿಡಿದು ಫಲಜಿನ ಕಾಲುವೆಗೆ ಹೋದರೆ
ಖಲ್ಫಾನ್ ಕೈ ಅಡ್ಡ ಹಿಡಿದ:
ಬೇಡ. ಈಗ ಕುಡಿದರೆ ಕೊಳೆಯುತ್ತದೆ.
ಹಾಗಾದರೆ ನಾನೇನು ಮಾಡಲಿ?
ಏನೂ ಮಾಡಬೇಡ. ಅದಕ್ಕೇ ನಿನಗೆ ಸಂಬಳ.

ದಾಳಿಂಬೆಗೆ ನೀರು, ಕತ್ತೆಗೆ ನೀರು,
ಅಜ್ಜಿಯ ರೆಹಾನ್ ಗಿಡಕ್ಕೆ ನೀರು.
ಈ ಒಂದು ಪಟ್ಟಿಗೆ ಮಾತ್ರ ಕಾವಲು, ನೀರು ಬಾರದ ಹಾಗೆ.
ನಮ್ಮ ಪಾಳಿಯ ರಾತ್ರಿ ಮಡೆಗೆ ಹಳೆ ಬಟ್ಟೆ ತುರುಕಿ
ಅಲ್ಲೇ ಕೂರುತ್ತಿದ್ದೆ. ನೀರು ಪಕ್ಕದಲ್ಲೇ
ಮಾತಾಡುತ್ತ ಹೋಗುತ್ತಿತ್ತು.
ಬ್ಯಾಡಗಿಯಲ್ಲಿ ಬೆಳೆದವನಿಗೆ ಪಾಪ ಮಾಡಿದ ಹಾಗೆ.
ಫೋನಿನಲ್ಲಿ ಹೇಳಿದರೆ ಶಿವಲೀಲಾ ನಕ್ಕಳು:
"ಸುಮ್ಮನೆ ಕೂರೋ ಕೆಲಸ ಇಲ್ಲೇ ಇತ್ತಲ್ಲ!"

ನನಗೆ ಗೊತ್ತಿದ್ದ ಕೆಂಪು ಬೇರೆ.
ಚೀಲದಲ್ಲಿ ಬರುತ್ತಿತ್ತು, ಹೆಗಲ ಮೇಲೆ,
ಮಾರ್ಕೆಟ್ಟಿನ ಇಡೀ ಓಣಿಯನ್ನು ಕೆಮ್ಮಿಸುತ್ತ.
ಕೇಸರಿಯೆಂದರೆ ಮದುವೆಮನೆಯ ಅಡುಗೆಯವರು
ಸಜ್ಜಿಗೆಗೆ ಉದುರಿಸುವ ಪೊಟ್ಟಣದ ಬಣ್ಣ.

ನವೆಂಬರಿನ ಒಂದು ನಸುಕು, ಹಲ್ಲು ಕಟಕಟ ಅನ್ನುವಾಗ
ಟಾರ್ಚಿನ ಬೆಳಕಿಗೆ, ಬೋಳು ಮಣ್ಣಿನಿಂದ,
ನೇರಳೆ.
ಇಲ್ಲೊಂದು, ಅಲ್ಲೊಂದು, ಕಲ್ಲಿನ ಸಂದಿಯಲ್ಲಿ ಮತ್ತೊಂದು.
ಎಣಿಸಿದೆ: ನಲವತ್ತೊಂದು. ಮತ್ತೆ ಎಣಿಸಿದೆ: ನಲವತ್ತು.
ಒಂದನ್ನು ಆಡು ತಿಂದಿತೋ, ನನ್ನ ಕಾಲೋ.

ಖಲ್ಫಾನ್ ಗಾಳಿ ಬಾರದಂತೆ ಕಿಟಕಿ ಮುಚ್ಚಿದ.
ಚಾಪೆಯ ಮೇಲೆ ಮೂರು ಮೂರು ಎಳೆ ಬಿಡಿಸಿದೆವು,
ಉಸಿರನ್ನು ಪಕ್ಕಕ್ಕೆ ಬಿಡುತ್ತ.
ಒಣಗಿದ ಮೇಲೆ, ನಿಜ್ವಾದ ಬಂಗಾರದಂಗಡಿಯ ತಕ್ಕಡಿಯಲ್ಲಿ
ಕಾಲು ಗ್ರಾಂ.

ಅಜ್ಜಿ ಬಂದಳು. ಬೈಯಲಿಲ್ಲ, ಕೇಳಲೂ ಇಲ್ಲ.
ಆರು ಎಳೆ ಎತ್ತಿ ಕಹ್ವಾದ ಪಾತ್ರೆಗೆ ಹಾಕಿದಳು.
ಖಲ್ಫಾನ್ ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ.
ಮೊದಲ ಬಟ್ಟಲು ನನ್ನ ಕೈಗೆ.
ರುಚಿಯೇ? ಒಣಹುಲ್ಲು, ಜೇನು, ಸ್ವಲ್ಪ ಔಷಧದ ಅಂಗಡಿ.
ಎರಡನೆಯ ಸಲವೂ ಬಟ್ಟಲು ಒಡ್ಡಿದೆ.

ಸಂಜೆ ಖಲ್ಫಾನ್ ಕೂಗಿ ಹೇಳಿದ: ಇನ್ನು ನೀರು ಬಿಡು.
ಮಡೆಯ ಬಳಿ ಕುಕ್ಕರಗಾಲಲ್ಲಿ ಕೂತೆ,
ಹಳದಿ ಹತ್ತಿದ ಬೆರಳಲ್ಲಿ ಬಟ್ಟೆಯ ತುದಿ ಹಿಡಿದೆ.
ಸ್ವಲ್ಪ ಹೊತ್ತು ಎಳೆಯಲಿಲ್ಲ.